ಮುಂದೂಡುವವರ ಆತುರ

ಸಹೋದ್ಯೋಗಿಯೊಬ್ಬರು ವರದಿಯನ್ನು ಶುಕ್ರವಾರ ಒಪ್ಪಿಸಬೇಕು. ಸೋಮವಾರದಿಂದ ಅವರು ಸುಮ್ಮನೇನೂ ಕೂತಿಲ್ಲ. ಬಂದ ಮೇಲ್‌ಗಳಿಗೆಲ್ಲ ಉತ್ತರಿಸಿದ್ದಾರೆ, ಪಕ್ಕದವರ ಲೆಕ್ಕ ಸರಿಮಾಡಿಕೊಟ್ಟಿದ್ದಾರೆ, ಮೇಜಿನ ಡ್ರಾಯರನ್ನೂ ಒಪ್ಪ ಮಾಡಿದ್ದಾರೆ. ವರದಿಯ ಫೈಲು ಮಾತ್ರ ತೆರೆದಿಲ್ಲ. ಇಂಥವರಿಗೆ ಕಚೇರಿಯಲ್ಲಿ ಸೋಮಾರಿ ಎಂಬ ಹೆಸರು ಬೀಳುತ್ತದೆ. ಅದು ಅನ್ಯಾಯ ಎಂದೇ ನನಗನ್ನಿಸುತ್ತದೆ.

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಪಿಯರ್ಸ್ ಸ್ಟೀಲ್, ಕೆಲಸ ಮುಂದೂಡುವ ಚಾಳಿಯ ಬಗ್ಗೆ ನಡೆದ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ವಿಶ್ಲೇಷಿಸಿದರು. ಮನೋವಿಜ್ಞಾನಿಗಳು ವ್ಯಕ್ತಿತ್ವವನ್ನು ಅಳೆಯುವ ಐದು ಮುಖ್ಯ ಗುಣಗಳಲ್ಲಿ ಅತಿ ಬಲವಾದ ನಂಟು ಕಂಡದ್ದು ಕರ್ತವ್ಯಪ್ರಜ್ಞೆಯ ಜೊತೆ: ಅದು ಹೆಚ್ಚಿದ್ದವರಲ್ಲಿ ಮುಂದೂಡುವಿಕೆ ಕಡಿಮೆ. ನಂಟಿನ ಬಲವನ್ನು ಸೊನ್ನೆಯಿಂದ ಒಂದರವರೆಗೆ ಅಳೆದರೆ ಇದಕ್ಕೆ 0.62. ಆತಂಕದ ಸ್ವಭಾವಕ್ಕೆ ಬರೀ 0.24. ‘ಎಲ್ಲವೂ ಅಚ್ಚುಕಟ್ಟಾಗಿಯೇ ಆಗಬೇಕು, ಅದಕ್ಕೇ ತಡ’ ಎನ್ನುವವರು ಬಹಳ. ಆದರೆ ಪರಿಪೂರ್ಣತೆಯ ಹಂಬಲಕ್ಕೂ ಮುಂದೂಡುವಿಕೆಗೂ ನಂಟು ಹೆಚ್ಚುಕಡಿಮೆ ಸೊನ್ನೆ!

ದುಡುಕು ಸ್ವಭಾವಕ್ಕೆ ಸಿಕ್ಕಿದ್ದು 0.41. ಅಂದರೆ ಮುಂದೂಡುವವರು ಒಂದರ್ಥದಲ್ಲಿ ಆತುರಗಾರರು. ಶುಕ್ರವಾರ ಸಿಗುವ ಸಮಾಧಾನ ದೂರದ್ದು, ಈಗಲೇ ನೋಡಬಹುದಾದ ವಾಟ್ಸ್‌ಆ್ಯಪ್ ಸಂದೇಶ ಹತ್ತಿರದ್ದು. ಹತ್ತಿರದ್ದಕ್ಕೆ ಮನಸ್ಸು ತಟ್ಟನೆ ಸೋಲುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2014ರಲ್ಲಿ ಅವಳಿಗಳ ಅಧ್ಯಯನವೊಂದು ನಡೆಯಿತು. ಅದರ ಪ್ರಕಾರ ಮುಂದೂಡುವ ಚಾಳಿಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು 46% ಆನುವಂಶಿಕ. ಮುಂದೂಡುವಿಕೆ ಮತ್ತು ದುಡುಕು, ಎರಡರ ಆನುವಂಶಿಕ ಬೇರೂ ಒಂದೇ.

ಇದರ ಜೊತೆಗೆ ಭಾವನೆಯ ಪಾತ್ರವೂ ಇದೆ. ಕೆಲಸ ನೆನಪಾದರೆ ಕಿರಿಕಿರಿ, ಅಂಜಿಕೆ. ಪಕ್ಕಕ್ಕಿಟ್ಟರೆ ತಕ್ಷಣ ಹಗುರ. ಕೆನಡಾದ ಮನೋವಿಜ್ಞಾನಿ ತಿಮೊಥಿ ಪಿಚಿಲ್ ಮತ್ತು ಸಂಗಡಿಗರು ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಎಲ್ಲರೆದುರು ಗದರುವ ಮೇಲಧಿಕಾರಿಗಳು ಇದನ್ನು ಯೋಚಿಸಬೇಕು. ಬೈಗುಳ ಸೇರಿದಷ್ಟೂ ಆ ಫೈಲು ಇನ್ನಷ್ಟು ಅಸಹ್ಯವಾಗುತ್ತದೆ.

ಸ್ವಭಾವ ಒಂದು ವಾರದಲ್ಲಿ ಬದಲಾಗದು, ಕೆಲಸದ ಏರ್ಪಾಡು ಬದಲಾದೀತು. ತಿಂಗಳಾಚೆಯ ಒಂದು ಗಡುವಿನ ಬದಲು ವಾರಕ್ಕೊಂದು ತುಂಡು ಕೇಳಬಹುದು. ‘ಆದಷ್ಟು ಬೇಗ ಮಾಡುತ್ತೇನೆ’ ಎನ್ನುವ ಬದಲು ‘ಮಂಗಳವಾರ ಹತ್ತು ಗಂಟೆಗೆ, ಮೀಟಿಂಗ್ ರೂಮಿನಲ್ಲಿ ಕೂತು ಮೊದಲ ಪುಟ’ ಎಂದು ಬರೆದಿಡಬಹುದು. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದರು. ಕ್ರಿಸ್ಮಸ್ ರಜೆಯಲ್ಲಿ ವರದಿಯೊಂದನ್ನು ಬರೆದು ಕಳಿಸುವಂತೆ ವಿದ್ಯಾರ್ಥಿಗಳಿಗೆ ಹೇಳಿದಾಗ, ಯಾವಾಗ, ಎಲ್ಲಿ ಬರೆಯುವುದೆಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಬಹುಪಾಲು ಜನ ಹೊತ್ತಿಗೆ ಸರಿಯಾಗಿ ಮುಗಿಸಿದರು. ಉಳಿದವರಲ್ಲಿ ಮುಗಿಸಿದ್ದು ಸುಮಾರು ಮೂರನೇ ಒಂದು ಪಾಲು.