ನೀರು ಬಿಡುವ ಹೊತ್ತು ತಿಳಿಸುವ ಸಿಲಿಕಾನ್ ತುಣುಕು

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವ ಮೊದಲು, ಆಳದಲ್ಲಿ ಬಂಡೆ ಸಿಡಿಯುವುದನ್ನು ಅರಿಯಲು ಜಿಯೋಫೋನ್‌ಗಳನ್ನು ಬಳಸುತ್ತಿದ್ದರು. ಬಂಡೆಯ ಅದುರುವಿಕೆಯನ್ನು ಅವು ವಿದ್ಯುತ್ ಸಂಕೇತವಾಗಿ ಬದಲಿಸುತ್ತಿದ್ದವು. ಮಣ್ಣಿನ ಒಣಗುವಿಕೆಯನ್ನೂ ಹೀಗೆಯೇ ಸಂಕೇತವಾಗಿಸುವ ಪುಟ್ಟ ಸಾಧನಗಳು ಈಗ ಬಂದಿವೆ. ಬಾರಮಾಸಿ ಹರಿಯುವ ನದಿಯಿಲ್ಲದೆ ಕೊಳವೆ ಬಾವಿಯನ್ನೇ ನಂಬಿರುವ ಬಂಗಾರಪೇಟೆಯ ಟೊಮ್ಯಾಟೊ ಬೆಳೆಗಾರರಿಗೆ ಇವುಗಳ ಪರಿಚಯ ಅಗತ್ಯ.

ರಚನೆ: ಟೆನ್ಸಿಯೋಮೀಟರ್ ಎಂಬುದು ನೀರು ತುಂಬಿದ ಕೊಳವೆ. ಇದರ ತುದಿಯಲ್ಲಿ ಸೂಕ್ಷ್ಮ ರಂಧ್ರಗಳ ಪಿಂಗಾಣಿ ಬಟ್ಟಲಿರುತ್ತದೆ. ಮಣ್ಣು ಒಣಗಿದಂತೆ ಬಟ್ಟಲಿನ ಮೂಲಕ ನೀರನ್ನು ಹೀರುವುದರಿಂದ ಕೊಳವೆಯೊಳಗೆ ಸೆಳೆತ ಹೆಚ್ಚುತ್ತದೆ. ಹಳೆಯ ಮಾದರಿಯಲ್ಲಿ ಇದನ್ನು ಮುಳ್ಳಿನ ಗಡಿಯಾರ ತೋರಿಸುತ್ತದೆ. ಹೊಸ ಮಾದರಿಯಲ್ಲಿ ಸಿಲಿಕಾನ್ ಬಿಲ್ಲೆಯನ್ನು ರಾಸಾಯನಿಕಗಳಿಂದ ಕೊರೆದು ಮಾಡಿದ, ಕೂದಲಿಗಿಂತ ತೆಳುವಾದ ಪೊರೆಯಿರುತ್ತದೆ. ಸೆಳೆತಕ್ಕೆ ಪೊರೆ ಬಾಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಈ ದುರ್ಬಲ ಸಂಕೇತವನ್ನು ಬಲಪಡಿಸುವ ಹಾಗೂ ಬಿಸಿಲಿನ ತಾಪದಿಂದಾಗುವ ತಪ್ಪನ್ನು ಸರಿಪಡಿಸುವ ಎಲೆಕ್ಟ್ರಾನಿಕ್ ಭಾಗವೂ ಅದೇ ಕವಚದಲ್ಲಿ ಅಡಕವಾಗಿರುತ್ತದೆ. ಸಂಕೇತವು ನಿಯಂತ್ರಕ ಪೆಟ್ಟಿಗೆಗೆ ತಲುಪಿ, ಹನಿ ನೀರಾವರಿಯ ವಿದ್ಯುತ್ ವಾಲ್ವನ್ನು ತೆರೆಯುತ್ತದೆ.

ಬಳಸುವ ಕ್ರಮ: ಕೆಂಪು ಮರಳುಮಿಶ್ರಿತ ಗೋಡು ಮಣ್ಣಿನಲ್ಲಿ ತರಕಾರಿ ಬೆಳೆಗೆ ಸಾಮಾನ್ಯವಾಗಿ 20ರಿಂದ 30 ಸೆಂಟಿಬಾರ್ ತಲುಪಿದಾಗ ನೀರು ಕೊಡಬಹುದು. ಡ್ರಿಪ್ಪರ್ ಸಮೀಪ, ಬೇರಿರುವ ಕಡೆ 15 ಮತ್ತು 30 ಸೆಂ.ಮೀ. ಆಳದಲ್ಲಿ ಒಂದೊಂದನ್ನು ಹೂಳಬೇಕು. ಮೇಲಿನದು ಯಾವಾಗ ನೀರು ಬೇಕೆಂದು ತಿಳಿಸುತ್ತದೆ. ಕೆಳಗಿನದು ಎಷ್ಟು ಸಾಕೆಂದು ತಿಳಿಸುತ್ತದೆ. ಪ್ರತಿ ಸಲ ನೀರು ಬಿಟ್ಟ ಬಳಿಕ ಕೆಳಗಿನ ಅಳತೆ ಸೊನ್ನೆಯ ಹತ್ತಿರ ಇಳಿಯುತ್ತಿದ್ದರೆ, ನೀರೂ ಗೊಬ್ಬರವೂ ಬೇರಿನಿಂದಾಚೆಗೆ ಇಳಿದು ಹೋಗುತ್ತಿವೆ ಎಂದೇ ತಿಳಿಯಬೇಕು. ಚೆನ್ನಾಗಿ ಒಣಗಿದ ಮೇಲೆ ಒಮ್ಮೆಲೇ ಹೆಚ್ಚು ನೀರು ಕೊಟ್ಟರೆ ಟೊಮ್ಯಾಟೊ ಹಣ್ಣು ಸೀಳುತ್ತದೆ.

ಎಚ್ಚರಿಕೆಗಳು: ಸುಮಾರು 80 ಸೆಂಟಿಬಾರ್ ಮೀರಿದರೆ ಕೊಳವೆಗೆ ಗಾಳಿ ಸೇರಿ ಅಳತೆ ಸುಳ್ಳಾಗುತ್ತದೆ, ಆಗ ಮತ್ತೆ ನೀರು ತುಂಬಬೇಕು. ಕರೆಂಟ್ ಇಲ್ಲದ ವೇಳೆ ವಾಲ್ವ್ ತೆರೆದರೂ ಪಂಪ್ ಓಡದು; ಆದುದರಿಂದ ನಿಯಂತ್ರಕವನ್ನು ವಿದ್ಯುತ್ ಪೂರೈಕೆಯ ವೇಳೆಗೆ ಹೊಂದಿಸಬೇಕು. ವಾರಕ್ಕೊಮ್ಮೆ ಬೇರಿನ ಆಳದ ಮಣ್ಣನ್ನು ಕೈಯಲ್ಲಿ ಹಿಂಡಿ ಅಳತೆಯೊಡನೆ ತಾಳೆ ನೋಡುವುದು ಉತ್ತಮ.

ದಿನವೂ ತೋಟಕ್ಕೆ ಹೋಗುವ ಸಣ್ಣ ರೈತರಿಗೆ ಮುಳ್ಳಿನ ಮಾದರಿಯೇ ಸಾಕು. ಹಲವು ತಾಕುಗಳಿಗೆ ಸರದಿಯಂತೆ ನೀರು ಬಿಡುವವರು ಮಾತ್ರ ಸ್ವಯಂಚಾಲಿತ ವ್ಯವಸ್ಥೆಯನ್ನು ಯೋಚಿಸಬಹುದು. ಯಾವ ಸಾಧನವೂ ಕೊಳವೆ ಬಾವಿಗೆ ನೀರು ತುಂಬಿಸದು. ಇರುವ ನೀರು ಪೋಲಾಗದಂತೆ ಕಾಯಬಲ್ಲದು.