ಮಂದಗಮನದ ಯೋಧ: ಸ್ಕೈರೈಡರ್

ಜೆಟ್ ವಿಮಾನಗಳ ಯುಗವು ಹೊಸ್ತಿಲಿಗೆ ಬಂದು ನಿಂತಿದ್ದ 1944ರಲ್ಲಿ ಪ್ರೊಪೆಲರಿನ ಹೊಸ ಯುದ್ಧವಿಮಾನವೊಂದನ್ನು ರೂಪಿಸಹೊರಡುವುದೆಂದರೆ, ಸಂತೆ ಮುಗಿಯುವ ಹೊತ್ತಿಗೆ ಸರಕು ಹೊತ್ತಂತೆಯೇ ಸರಿ. ಆ ವರ್ಷದ ಜೂನ್ ತಿಂಗಳಲ್ಲಿ ಡಗ್ಲಸ್ ಕಂಪನಿಯ ಎಡ್ ಹೈನ್‌ಮನ್ ವಾಷಿಂಗ್ಟನ್ನಿನಲ್ಲಿ ಅಮೆರಿಕದ ನೌಕಾದಳದ ಅಧಿಕಾರಿಗಳನ್ನು ಕಂಡು, ತನ್ನ ಹಳೆಯ ಯೋಜನೆಯನ್ನು ಕೈಬಿಟ್ಟು ಬೇರೊಂದನ್ನು ಸಿದ್ಧಪಡಿಸಲು ಮೂವತ್ತು ದಿನಗಳ ಅವಧಿಯನ್ನು ಬೇಡಿದನು. ದೊರೆತದ್ದು ಮರುದಿನ ಬೆಳಗಿನ 9 ಗಂಟೆಯವರೆಗಿನ ಗಡುವು! ಇಬ್ಬರು ಸಹೋದ್ಯೋಗಿಗಳೊಡನೆ ಹೋಟೆಲಿನ ಕೋಣೆಯಲ್ಲಿ ರಾತ್ರಿಯಿಡೀ ಎಚ್ಚತ್ತು ಅವನು ಎಳೆದ ಗೆರೆಗಳೇ ಸ್ಕೈರೈಡರ್ ವಿಮಾನವಾದವು. ಅದು ಮೊದಲು ಹಾರಿದ್ದು 1945ರ ಮಾರ್ಚ್ 18ರಂದು. ಯಾವ ಯುದ್ಧಕ್ಕೆಂದು ಹುಟ್ಟಿತೋ ಆ ಯುದ್ಧವು ಅದು ರಣರಂಗವನ್ನು ಸೇರುವ ಮುನ್ನವೇ ಮುಗಿದಿತ್ತು.

ಮೂತಿಯಲ್ಲಿ ಹದಿನೆಂಟು ಸಿಲಿಂಡರುಗಳ, ಸುಮಾರು 2,700 ಅಶ್ವಶಕ್ತಿಯ ಎಂಜಿನು. ರೆಕ್ಕೆ ಹಾಗೂ ಒಡಲಿನ ಕೆಳಗೆ ಆಯುಧಗಳನ್ನು ತೂಗುಹಾಕಲು 15 ಕೊಂಡಿಗಳು. ಹೊರುವ ಭಾರ 8,000 ಪೌಂಡು. ವೇಗವೆಂದರೆ ಗಂಟೆಗೆ ಐನೂರು ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಕೆಳಮಟ್ಟದ ಹಾರಾಟದಲ್ಲಿ ಜೆಟ್ ವಿಮಾನವು ಇಂಧನವನ್ನು ನೀರಿನಂತೆ ಕುಡಿದು ಬೇಗನೆ ಹಿಂದಿರುಗಬೇಕಾಗುತ್ತಿದ್ದರೆ, ಇದು ಗಂಟೆಗಟ್ಟಲೆ ಒಂದೇ ಎಡೆಯ ಮೇಲೆ ಸುತ್ತುತ್ತ ನೆಲವನ್ನು ನೋಡಬಲ್ಲುದಾಗಿತ್ತು. ನಿಧಾನವೆಂಬ ದೋಷವೇ ಅದರ ಗುಣವಾಯಿತು.

ಕೊರಿಯಾ ಯುದ್ಧದಲ್ಲಿ ಬಾಂಬುಗಳಿಗೆ ಬಗ್ಗದ ಹ್ವಾಚೋನ್ ಅಣೆಕಟ್ಟೆಯ ತೂಬುಬಾಗಿಲುಗಳನ್ನು 1951ರ ಮೇ 1ರಂದು ಒಡೆದುದು ಎಂಟು ಸ್ಕೈರೈಡರುಗಳು. ಹಡಗುಗಳನ್ನು ಮುಳುಗಿಸಲೆಂದು ಮಾಡಿದ ಟಾರ್ಪಿಡೋಗಳನ್ನೇ ಅವು ಜಲಾಶಯದ ನೀರಿಗೆ ಇಳಿಬಿಟ್ಟಿದ್ದವು. ವಿಯೆಟ್ನಾಮಿನಲ್ಲಿ ಅದರ ಕೀರ್ತಿ ಬೇರೆ ಬಗೆಯದು. ಶತ್ರುಗಳ ನಡುವೆ ಬಿದ್ದ ವೈಮಾನಿಕರನ್ನು ಎತ್ತಿತರಲು ಹೋಗುವ ಹೆಲಿಕಾಪ್ಟರುಗಳಿಗೆ ಅದು ಬೆಂಗಾವಲಾಯಿತು. 1966ರ ಮಾರ್ಚ್ 10ರಂದು ಆ ಶಾವ್ ಕಣಿವೆಯಲ್ಲಿ ಜೊತೆಯ ವೈಮಾನಿಕನೊಬ್ಬನ ವಿಮಾನವು ಗುಂಡೇಟಿನಿಂದ ನೆಲಕ್ಕೆ ಬಿದ್ದಾಗ, ಬರ್ನಾರ್ಡ್ ಫಿಷರ್ ಚೂರುಪಾರು ತುಂಬಿದ್ದ ಆ ಓಡುದಾರಿಯಲ್ಲಿಯೇ ತನ್ನ ಸ್ಕೈರೈಡರನ್ನು ಇಳಿಸಿ, ಅವನನ್ನು ಒಳಗೆಳೆದುಕೊಂಡು ಮೇಲೇರಿದನು. ವಿಮಾನದ ಮೈಯಲ್ಲಿ 19 ಗುಂಡಿನ ತೂತುಗಳಿದ್ದವು!

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ವೀರಗಾಥೆ. ಆದರೆ ಅದು ಹೊತ್ತ ಭಾರದಲ್ಲಿ ನೇಪಾಮ್ ಎಂಬ ಅಂಟುಬೆಂಕಿಯೂ ಇತ್ತು. 1972ರ ಜೂನ್ 8ರಂದು ತ್ರಾಂಗ್ ಬಾಂಗ್ ಎಂಬ ಹಳ್ಳಿಯ ಬಳಿ ದಕ್ಷಿಣ ವಿಯೆಟ್ನಾಮಿನದೇ ಸ್ಕೈರೈಡರು ಅದನ್ನು ಸುರಿಯಿತು. ಓಡಿಬರುತ್ತಿದ್ದವರು ಅದೇ ನಾಡಿನ ಜನ, ಅವರೊಡನಿದ್ದವರು ಅದೇ ನಾಡಿನ ಸೈನಿಕರು. ಉಟ್ಟ ಬಟ್ಟೆಯೆಲ್ಲ ಉರಿದು, ಕೈಗಳನ್ನು ಚಾಚಿ ರಸ್ತೆಯಲ್ಲಿ ಅಳುತ್ತ ಓಡಿಬಂದ ಒಂಬತ್ತು ವರ್ಷದ ಫಾನ್ ತಿ ಕಿಮ್ ಫುಕ್‌ಳ ಛಾಯಾಚಿತ್ರವನ್ನು ಲೋಕವೆಲ್ಲ ಕಂಡಿದೆ. ನೆಲವನ್ನು ನೋಡಬಲ್ಲ ವಿಮಾನವೆಂಬ ಹೊಗಳಿಕೆಯನ್ನು ಓದುವಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಆ ರಸ್ತೆ. ಫಿಷರನ ವಿಮಾನವನ್ನು ಅಮೆರಿಕದ ಡೇಟನ್ ನಗರದ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಕಾಪಿಟ್ಟಿದ್ದಾರೆ. ಕಿಮ್ ಫುಕ್ ಕೆನಡಾದಲ್ಲಿ ನೆಲಸಿ, ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ಕಟ್ಟಿದಳು.