ಉದ್ಯೋಗ ಖಾತ್ರಿ ಹುಟ್ಟಿದ್ದು ಮಿರಜದ ಪಕ್ಕದಲ್ಲಿ: ನಮಗೇನು ಪಾಠ?

ಬೆಳಗಾವಿಯಿಂದ ಪುಣೆ ಕಡೆಗೆ ರೈಲಲ್ಲಿ ಹೋದವರಿಗೆ ಮಿರಜ ಜಂಕ್ಷನ್ ಗೊತ್ತಿರುತ್ತದೆ. ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ, ಸಿತಾರ್ ತಯಾರಿಕೆಗೆ ಹೆಸರಾದ ಊರು. ಮಿರಜ ಇರುವ ಸಾಂಗ್ಲಿ ಜಿಲ್ಲೆಯಲ್ಲೇ ಇನ್ನೊಂದು ದೊಡ್ಡ ಕೆಲಸ ಶುರುವಾಯಿತು ಅನ್ನೋದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅದೇ ಉದ್ಯೋಗ ಖಾತ್ರಿ.

1965ರಲ್ಲಿ ಜಿಲ್ಲೆಯ ತಾಸಗಾಂವ್ ತಾಲೂಕಿನಲ್ಲಿ ಇದರ ಪ್ರಯೋಗ ನಡೆಯಿತು. ಇದರ ಹಿಂದೆ ಇದ್ದವರು ಆಗ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ.ಎಸ್. ಪಾಗೆ. ಅವರ ಯೋಚನೆ ಸರಳ: ಕೆಲಸ ಕೇಳಿ ಬಂದವರಿಗೆ ಸರಕಾರ ಕೆಲಸ ಕೊಡಬೇಕು, ಆ ಕೆಲಸದಿಂದ ಊರಿಗೆ ಕೆರೆ, ಬದು, ರಸ್ತೆ ಆಗಬೇಕು.

ಬಡವರು ಯಾರು ಅಂತ ಗುರುತಿಸೋದು ಹೇಗೆ? ಪಟ್ಟಿ ಮಾಡಿದರೆ ಪ್ರಭಾವ ಇದ್ದವರ ಹೆಸರೇ ಮೊದಲು ಬರುತ್ತದೆ. ಇಲ್ಲಿ ಪಟ್ಟಿಯೇ ಬೇಡ. ಬಿಸಿಲಲ್ಲಿ ಮಣ್ಣು ಹೊತ್ತು ಕಡಿಮೆ ಕೂಲಿ ಪಡೆಯಲು, ನಿಜಕ್ಕೂ ಅಗತ್ಯ ಇದ್ದವರು ಮಾತ್ರ ಬರುತ್ತಾರೆ. ಅರ್ಥಶಾಸ್ತ್ರಜ್ಞರು ಇದನ್ನು 'ಸ್ವಯಂ ಆಯ್ಕೆ' ಅಂತಾರೆ.

1972ರ ಭೀಕರ ಬರದಲ್ಲಿ ಮಹಾರಾಷ್ಟ್ರ ಬರ ಪರಿಹಾರ ಕಾಮಗಾರಿಗಳನ್ನು ದೊಡ್ಡ ಮಟ್ಟದಲ್ಲಿ ತೆರೆಯಿತು. ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್ ನಂತರ ಇದನ್ನು ಅಧ್ಯಯನ ಮಾಡಿ ತೋರಿಸಿದ್ದು ಇಷ್ಟು: ಬೆಳೆ ಹೋದಾಗ ಕೂಲಿಕಾರನ ಸಂಪಾದನೆಯೂ ಹೋಗುತ್ತದೆ. ಅಂಗಡಿಯಲ್ಲಿ ಧಾನ್ಯ ಇದ್ದರೂ ಕೊಳ್ಳಲು ಕೈಯಲ್ಲಿ ಕಾಸಿಲ್ಲದಿದ್ದರೆ ಹಸಿವು ತಪ್ಪಿದ್ದಲ್ಲ. ಆ ಕಾಸನ್ನು ಕೂಲಿಯ ರೂಪದಲ್ಲಿ ಕೊಟ್ಟದ್ದರಿಂದಲೇ ದೊಡ್ಡ ಕ್ಷಾಮ ತಪ್ಪಿತು.

ಖಾತ್ರಿ ಯೋಜನೆಗೆ ದುಡ್ಡು ಎಲ್ಲಿಂದ? 1975ರಲ್ಲಿ ವೃತ್ತಿ ತೆರಿಗೆ ಬಂತು. ನಗರದ ಸಂಬಳದಾರರು, ವೃತ್ತಿಪರರು ಕಟ್ಟಿದ ತೆರಿಗೆ ಹಳ್ಳಿಯ ಕೂಲಿಗೆ ಹೋಯಿತು. 1977ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆಯೇ ಆಯಿತು. ಮುಂದೆ 2005ರ ರಾಷ್ಟ್ರೀಯ ಕಾಯ್ದೆಗೆ ಇದೇ ಮಾದರಿ. 2006ರಲ್ಲಿ ಮೊದಲ 200 ಜಿಲ್ಲೆಗಳಲ್ಲಿ ಬೀದರ್, ರಾಯಚೂರು, ಚಿತ್ರದುರ್ಗ ಸೇರಿದ್ದವು. ನಮ್ಮ ದಕ್ಷಿಣ ಕನ್ನಡಕ್ಕೆ ಅದು ಬಂದದ್ದು 2008ರಲ್ಲಿ.

ಹಾಗಂತ ಎಲ್ಲವೂ ಸರಿಯಾಗಿತ್ತು ಅಂತಲ್ಲ. 1988ರಲ್ಲಿ ಮಹಾರಾಷ್ಟ್ರದ ಈ ಯೋಜನೆಯ ಕೂಲಿ ಒಮ್ಮೆಲೇ ಏರಿತು. ಕೇಳಲು ಒಳ್ಳೆಯ ಸುದ್ದಿ. ಆದರೆ ಮಾರ್ಟಿನ್ ರವಾಲಿಯನ್, ಗೌರವ್ ದತ್, ಶುಭಂ ಚೌಧುರಿ ಅಂಕಿಅಂಶ ಪರಿಶೀಲಿಸಿದಾಗ ಕಂಡದ್ದೇ ಬೇರೆ. ಕೂಲಿ ಏರಿದ ಮೇಲೆ ಕೇಳಿದವರಿಗೆಲ್ಲ ಕೆಲಸ ಸಿಗಲಿಲ್ಲ. 'ಖಾತ್ರಿ' ಕಾಗದದ ಮೇಲೆ ಉಳಿಯಿತು, ಕೆಲಸ ಕೆಲವರ ಪಾಲಾಯಿತು. ಲೆಕ್ಕ ಹಾಕದೇ ಇದ್ದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಇನ್ನೊಂದು ಉದಾಹರಣೆ ಅವಿಭಜಿತ ಆಂಧ್ರದ್ದು. ಕೂಲಿ ಹಣ ತಡವಾಗುತ್ತಿತ್ತು, ನಡುವೆ ಸೋರಿಹೋಗುತ್ತಿತ್ತು. 2010ರಲ್ಲಿ ಬೆರಳಚ್ಚಿನ ಸ್ಮಾರ್ಟ್ ಕಾರ್ಡ್ ತರುವಾಗ, ಯಾವ ಮಂಡಲಕ್ಕೆ ಮೊದಲು ಅನ್ನೋದನ್ನು ಲಾಟರಿಯಂತೆ ಆರಿಸಲಾಯಿತು. ಕಾರ್ಡ್ ಬಂದ ಮತ್ತು ಇನ್ನೂ ಬರದ ಊರುಗಳನ್ನು ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಹೋಲಿಸಿ ನೋಡಿದರು. ಕಾರ್ಡ್ ಬಂದ ಕಡೆ ಹಣ ಬೇಗ ಸಿಕ್ಕಿತು, ಸೋರಿಕೆ ಕಡಿಮೆಯಾಯಿತು.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. ನಮ್ಮ ಸಂಘಟನೆಗಳು ಕಿಟ್, ಹೊಲಿಗೆ ಯಂತ್ರ, ವಿದ್ಯಾರ್ಥಿವೇತನ ಕೊಡುತ್ತವೆ. ಎಷ್ಟು ಕೊಟ್ಟೆವು ಅನ್ನುವ ಲೆಕ್ಕ, ಫೋಟೋ ಎರಡೂ ಇರುತ್ತವೆ. ಆದರೆ ವರ್ಷದ ನಂತರ ಆ ಯಂತ್ರ ಓಡುತ್ತಿದೆಯಾ, ಮೂಲೆ ಸೇರಿದೆಯಾ? ವೇತನ ಪಡೆದ ಹುಡುಗಿ ಪದವಿ ಮುಗಿಸಿದಳಾ? ಅಗತ್ಯ ಇದ್ದೂ ಕೇಳಲು ನಾಚಿಕೊಂಡ ಮನೆಗಳು ಎಷ್ಟು? ಈ ಲೆಕ್ಕಕ್ಕೆ ಒಂದು ನೋಟ್‌ಬುಕ್, ನಾಲ್ಕು ಮಂದಿ ಯುವಕ ಯುವತಿಯರು, ಕೆಲವು ಭಾನುವಾರಗಳು ಸಾಕು. ಮನೆಯವರ ಹೆಸರು ಗುಟ್ಟಾಗಿರಲಿ, ಅಷ್ಟೇ.

ಪಿಯುಸಿ ನಂತರ ಏನು ಓದಲಿ ಅಂತ ಯೋಚಿಸುತ್ತಿರುವ ಮಕ್ಕಳಿಗೂ ಒಂದು ಮಾತು. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಕೂಡ ಜನರ ಹೊಟ್ಟೆಗೆ ಸಂಬಂಧಿಸಿದ ವಿದ್ಯೆಯೇ. ಆ ಪುಸ್ತಕಗಳನ್ನೂ ಒಮ್ಮೆ ತೆರೆದು ನೋಡಿ.